ನಾಲ್ಕು ನೀಲಿ ಬೈಕು, ತಳದಲ್ಲಿ ಉಳಿದ ಚಹಾ

"ಈ ಚಳಿಗಾಲ ಮುಗಿದು ಮರುಭೂಮಿಯ ಡೇರೆಗಳನ್ನು ಕೀಳೋದರೊಳಗೆ ನಮ್ಮ ಮನೆಯ ನಾಲ್ಕೂ ಜನ ಡರ್ಟ್ ಬೈಕ್ ಓಡಿಸಿಯೇ ತೀರ್ತೀವಿ! ಇದು ನನ್ನ ಶಪಥ!"

ಹೀಗೆಂದು ಘೋಷಿಸುವಾಗ ನನ್ನ ಒಂದು ಕೈಯಲ್ಲಿ ಥರ್ಮಾಮೀಟರ್ ಇತ್ತು, ಇನ್ನೊಂದರಲ್ಲಿ ಕೆಮ್ಮಿನ ಔಷಧ. ಇರಲಿ, ಶಪಥ ಮಾಡುವವರು ಕತ್ತಿಯನ್ನೇ ಹಿಡಿದಿರಬೇಕು ಎಂದು ಯಾವ ಶಾಸ್ತ್ರದಲ್ಲಿದೆ?

ನನ್ನ ಗಂಡ ಮಿಶಾರಿ ಸೋಫಾದಿಂದ ತಲೆ ಎತ್ತಿದ.

"ನಾಲ್ಕೂ ಜನ ಅಂದ್ರೆ ಯಾರ್ಯಾರು?"

"ನೀನು, ನಾನು, ಬರ್ರಾಕ್, ದಾನಾ."

"ದಾನಾಗೆ ಆರು ವರ್ಷ."

"ಗೊತ್ತು. ಹೆತ್ತೋಳು ನಾನೇ."

"ಮೊನ್ನೆ ಪಾರ್ಕಲ್ಲಿ ಅವಳು ಜಾರುಬಂಡೆ ಹತ್ತಿದ್ದಕ್ಕೆ ಕೆಳಗೆ ದಿಂಬು ಹಾಸಿದೋಳೂ ನೀನೇ ಅಲ್ವಾ, ಉಮ್ ಬರ್ರಾಕ್?"

ಗಂಡ ನನ್ನನ್ನು 'ಅನೂದ್' ಎಂದು ಕರೆದರೆ ಮನೆಯಲ್ಲಿ ಶಾಂತಿ. 'ಬರ್ರಾಕನ ಅಮ್ಮ' ಎಂದರೆ ಒಂದೋ ನೆಂಟರಿದ್ದಾರೆ, ಇಲ್ಲವೇ ಕಾಲೆಳೆಯುತ್ತಿದ್ದಾನೆ. ಅಂದು ನೆಂಟರಿರಲಿಲ್ಲ.

ಅವನು ನಗುವುದರಲ್ಲಿ ತಪ್ಪೇನೂ ಇಲ್ಲ. ನನ್ನ ತವರಿನವರು ಕಡಲಿನ ಜನ. ನಮ್ಮ ಮುತ್ತಜ್ಜ ಮುತ್ತು ತೆಗೆಯಲು ಉಸಿರು ಬಿಗಿಹಿಡಿದು ಕೊಲ್ಲಿಯ ತಳಕ್ಕೆ ಧುಮುಕುತ್ತಿದ್ದರಂತೆ. ಆ ವಿದ್ಯೆ ನನಗೂ ಬಂದಿದೆ. ಮಕ್ಕಳು ಮೆಟ್ಟಿಲಿಳಿಯುವಾಗ ಮೊದಲ ಮೆಟ್ಟಿಲಿಂದ ಕೊನೆಯ ಮೆಟ್ಟಿಲವರೆಗೆ ನಾನೂ ಉಸಿರು ಬಿಗಿಹಿಡಿದಿರುತ್ತೇನೆ! ಗಂಡನ ಮನೆಯವರೋ, ಅಪ್ಪಟ ಮರುಭೂಮಿಯ ಜನ. ನವೆಂಬರ್ ಬಂತೆಂದರೆ ಕುವೈತ್ ನಗರದ ಅಷ್ಟೂ ಸೌಕರ್ಯ ಬಿಟ್ಟು ಸಾಲ್ಮಿ ರಸ್ತೆಯಾಚೆ ಮರಳಿನಲ್ಲಿ ಡೇರೆ ಹೊಡೆದುಬಿಡುತ್ತಾರೆ. ಮಾರ್ಚಿನವರೆಗೆ ಪ್ರತಿ ಶುಕ್ರವಾರ ಅತ್ತೆಯ ಡೇರೆಯಲ್ಲಿ ಇಬ್ಬರು ಗಂಡುಮಕ್ಕಳ ಸಂಸಾರ ಹಾಜರಾಗಲೇಬೇಕು.

ಶಪಥಕ್ಕೆ ಕಾರಣ ಎರಡನೆಯ ಸಂಸಾರ. ಅಂದರೆ ನನ್ನ ವಾರಗಿತ್ತಿ ಸಬೀಕಾ, ಭಾವ ಜರ್ರಾಹನ ಹೆಂಡತಿ.

ಹಿಂದಿನ ಶುಕ್ರವಾರ ನಡೆದದ್ದಿಷ್ಟು. ಅವಳು, ಅವಳ ಗಂಡ, ಮೂರು ಮಕ್ಕಳು. ಐದು ಜನ, ಐದು ಕೆಂಪು ಬೈಕು. ದೊಡ್ಡದರ ಹಿಂದೆ ಚಿಕ್ಕದು, ಚಿಕ್ಕದರ ಹಿಂದೆ ಇನ್ನೂ ಚಿಕ್ಕದು, ಬಾತುಕೋಳಿ ಸಂಸಾರದ ಹಾಗೆ ದಿಬ್ಬ ಏರಿ, ದಿಬ್ಬ ಇಳಿದು, ಅತ್ತೆಯ ಮುಂದೆ ಸಾಲಾಗಿ ನಿಂತರು. ಸಬೀಕಾ ಹೆಲ್ಮೆಟ್ ತೆಗೆದಳು. ಕಣ್ಣಿನ ಕಾಡಿಗೆ ಒಂದೆಳೆ ಕದಡಿರಲಿಲ್ಲ! ನಾನು ಕಾರಿನಿಂದ ಡೇರೆಗೆ ನಡೆದು ಬಂದರೆ ಸಾಕು, ಕಾಡಿಗೆ ಕೆನ್ನೆಗಿಳಿದಿರುತ್ತದೆ.

ಅತ್ತೆ ಚಪ್ಪಾಳೆ ತಟ್ಟಿದರು. "ಮಾಶಾ ಅಲ್ಲಾ! ಇವು ನೋಡು, ಮರಳಿನ ಮಕ್ಕಳು!" ಆಮೇಲೆ ನನ್ನ ಮಕ್ಕಳ ಕಡೆ ತಿರುಗಿದರು. ಒಂಬತ್ತು ವರ್ಷದ ಬರ್ರಾಕ್ ಧೂಳಿನ ಮಾಸ್ಕ್ ಹಾಕಿಕೊಂಡು ಡೇರೆಯ ಬಾಗಿಲಲ್ಲಿ ನಿಂತಿದ್ದ. ದಾನಾ ಚಾಪೆಯ ಮೇಲೆ ಚಾಪೆ, ಅದರ ಮೇಲೆ ದುಪ್ಪಟಿ ಹಾಸಿ ಕೂತಿದ್ದಳು. "ಇವೂ ಒಳ್ಳೇವೇ, ಪಾಪ. ಎಸಿಯ ಮಕ್ಕಳು."

ಆ 'ಪಾಪ' ಇದೆಯಲ್ಲ, ಅದು ನನ್ನ ಎದೆಗೆ ನಾಟಿತು. ಮನೆಗೆ ಮರಳುವ ದಾರಿಯಲ್ಲಿ ಹಿಂದಿನ ಸೀಟಿನಿಂದ ಬರ್ರಾಕ್ ಮೆಲ್ಲಗೆ ಕೇಳಿದ. "ಅಮ್ಮಾ, ನಾನು ಕೇಳಿದ್ರೂ ನೀನು ಬೈಕ್ ಮುಟ್ಟೋಕೆ ಬಿಡಲ್ಲ ಅಂತ ನವ್ವಾಫ್ ಹೇಳ್ದ. ಹೌದಾ?" ನವ್ವಾಫ್ ಎಂದರೆ ಸಬೀಕಾಳ ಹಿರಿಮಗ. ಇವನಿಗಿಂತ ಒಂದೇ ವರ್ಷ ದೊಡ್ಡವನು, ಒಂದು ಗೇಣು ಎತ್ತರದವನು.

ನನಗೆ ಹೊಟ್ಟೆಕಿಚ್ಚು ಎಂದು ನೀವು ತಿಳಿದರೆ ಅದು ನಿಮ್ಮ ತಪ್ಪು. ಅಂದು ಎದೆಯಲ್ಲಿ ಉರಿದದ್ದು ಮಜ್ಬೂಸ್ ಅನ್ನಕ್ಕೆ ಹಾಕಿದ ಕರಿಮೆಣಸು. ಮರುದಿನ ಉರಿದದ್ದೂ ಅದೇ ಮೆಣಸು. ಬುಧವಾರದವರೆಗೂ ಉರಿಯಿತೆಂದರೆ ಅದು ಮೆಣಸಿನ ಹೆಚ್ಚುಗಾರಿಕೆ!

ಅಷ್ಟಕ್ಕೂ ಸಬೀಕಾಳಿಗೂ ಕಷ್ಟಗಳು ಬಂದಿದ್ದವು, ಪಾಪ. (ಈ ಪಾಪ ನನ್ನದು.) ನವೆಂಬರಿನಲ್ಲಿ ನವ್ವಾಫ್ ಬಿದ್ದು ಮಣಿಕಟ್ಟು ಮುರಿದುಕೊಂಡ. ಡಿಸೆಂಬರಿನಲ್ಲಿ ಭಾವನ ಬೈಕು ನಡುಮರಳಿನಲ್ಲಿ ಹೊಗೆ ಕಾರಿ ನಿಂತುಬಿಟ್ಟಿತು. ವಿಚಿತ್ರವೆಂದರೆ, ಎರಡು ಸಲವೂ ಅದಕ್ಕೆ ಸ್ವಲ್ಪ ಮೊದಲು ನಾನು ಬಾಯಿ ತುಂಬ ಹೊಗಳಿದ್ದೆ. "ಅಬ್ಬಾ, ಎಷ್ಟು ಚೆಂದ ಓಡಿಸ್ತಾರಪ್ಪ!" ಎಂದಿದ್ದೆ. ಮಣಿಕಟ್ಟು ಮುರಿದಾಗ ಎರಡು ಡಬ್ಬಿ ಚಾಕಲೇಟು ಬೇರೆ ಒಯ್ದುಕೊಟ್ಟೆ. ಇದಕ್ಕಿಂತ ದೊಡ್ಡ ಮನಸ್ಸು ಎಲ್ಲಿದೆ? ಜೊತೆಗೆ ಅವಳ ಬೈಕುಗಳನ್ನು ಹತ್ತಿರದಿಂದ ನೋಡಿ ನನಗೊಂದು ಸಮಾಧಾನವೂ ಸಿಕ್ಕಿತ್ತು. ಪೆಟ್ರೋಲ್ ಟ್ಯಾಂಕುಗಳ ಮೇಲೆಲ್ಲ ಕಂದು ಬಣ್ಣದ ಕಲೆ, ಅದಕ್ಕೆ ಸಾಲುಗಟ್ಟಿದ ಇರುವೆ! ಬೈಕು ಓಡಿಸಲು ಬಂದರೆ ಸಾಕೆ? ತೊಳೆಯಲೂ ಬರಬೇಡವೆ?

ಇನ್ನೊಂದು ವಿಷಯದಲ್ಲಂತೂ ನಾನು ಅವಳನ್ನು ಪೂರ್ತಿ ಸೋಲಿಸಿದ್ದೆ. ಡೇರೆಯಲ್ಲಿ ನಾನು ಚಹಾ ಕುಡಿದಿಟ್ಟ ಗಾಜಿನ ಲೋಟವನ್ನು ಅತ್ತೆ ತಾವೇ ಎತ್ತಿಕೊಂಡು ಹೋಗುತ್ತಿದ್ದರು!

"ತಳದವರೆಗೆ ಕುಡೀಬೇಡ ಮಗಳೇ, ಚೂರು ಬಿಡು," ಎನ್ನುತ್ತಿದ್ದರು.

"ಯಾಕೆ ಖಾಲಾ?"

"ನಿನ್ನ ಹೊಟ್ಟೆ ಸೂಕ್ಷ್ಮ. ಗಸಿ ಆಗಲ್ಲ."

ನಾನು ತಿಂದ ಖರ್ಜೂರದ ಬೀಜಗಳನ್ನೂ ಅವರೇ ಆರಿಸಿಕೊಳ್ಳುತ್ತಿದ್ದರು. ನಮ್ಮ ಮನೆಯ ಕೆಮ್ಮಿನ ಔಷಧದ ಖಾಲಿ ಬಾಟಲಿಗಳನ್ನು ಕೂಡ ಎಸೆಯಬೇಡ, ತಂದುಕೊಡು ಎನ್ನುತ್ತಿದ್ದರು. ಸಬೀಕಾಳ ಲೋಟವೋ, ನೊಣ ಮುತ್ತಿಸಿಕೊಂಡು ಮಧ್ಯಾಹ್ನದವರೆಗೂ ಚಾಪೆಯ ಮೇಲೆ ಬಿದ್ದಿರುತ್ತಿತ್ತು. ಕಿರಿಸೊಸೆಯ ಮೇಲಿನ ಪ್ರೀತಿ ಎಂದರೆ ಇದಲ್ಲವೆ? ಆ ಪ್ರೀತಿಗೆ ಒಂದು 'ಮರಳಿನ ಸೊಸೆ' ಎಂಬ ಬಿರುದು ಸೇರಿದರೆ ಮುಗಿಯಿತು. ಅದೊಂದೇ ಬಾಕಿ!

ಸರಿ, ಓದಿದವಳು ನಾನು. ಕಣ್ಣು ಮುಚ್ಚಿ ಬೈಕು ಕೊಳ್ಳುವವಳಲ್ಲ. ಮೂರು ವಾರ ಅಧ್ಯಯನ ಮಾಡಿದೆ. ನಲವತ್ತು ಪುಟದ ನೋಟ್‌ಬುಕ್ ತುಂಬಿಸಿದೆ. ಮಕ್ಕಳು ಕಾರ್ಟೂನ್ ನೋಡುವಾಗ ದರ್ಜಿಯ ಟೇಪು ಹಿಡಿದು ಅವರ ಕಾಲಿನ ಉದ್ದ ಅಳೆದೆ. ಹೊಸಬರ ಬೈಕಿಗೆ ಗೇರಿನ ಗೋಜು ಕಡಿಮೆ ಇರಬೇಕು (ಪುಟ ಮೂರು). ಸೀಟಿನ ಮೇಲೆ ಕೂತರೆ ಎರಡೂ ಪಾದ ನೆಲಕ್ಕೆ ತಾಗಬೇಕು (ಪುಟ ಏಳು). ಅಪಾಯ ಬಂದರೆ ಹ್ಯಾಂಡಲ್ ಮೇಲಿನ ಕೆಂಪು ಗುಂಡಿ ಒತ್ತಿ ಇಂಜಿನ್ ನಿಲ್ಲಿಸಬೇಕು (ಪುಟ ಹನ್ನೊಂದು, ಕೆಳಗೆ ಮೂರು ಗೆರೆ). ಪುಟ ಹನ್ನೊಂದನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿದೆ. ದಾನಾಗೆ ಪುಟ್ಟದು, ಬರ್ರಾಕನಿಗೆ ನೂರಾಹತ್ತು ಸಿಸಿಯದು, ನನಗೆ ತಗ್ಗು ಸೀಟಿನ ನೂರಾಇಪ್ಪತ್ತೈದು, ಮಿಶಾರಿಗೆ ಅವನಿಗೆ ಬೇಕಾದ್ದು. ಮಿಶಾರಿ ನೋಟ್‌ಬುಕ್ ಪೂರ್ತಿ ಓದಿ, "ನೀನು ಹೇಳ್ತಿರೋದು ಸರಿಯಾಗಿದೆ," ಎಂದ. ಮದುವೆಯಾಗಿ ಹನ್ನೊಂದು ವರ್ಷಕ್ಕೆ ಮೊದಲ ಸಲ! ತಾರೀಖು ಬರೆದಿಟ್ಟುಕೊಂಡೆ.

ಎಲ್ಲ ಸುಸೂತ್ರವಾಗಿತ್ತು. ಮಂಗಳವಾರ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಸಬೀಕಾಳ ದನಿ ಬಂತು.

"ಅನೂದ್, ನಮ್ಮ ನವ್ವಾಫ್ ಉದ್ದ ಬೆಳೆದ್ಬಿಟ್ಟ ಕಣೇ. ನೂರಾಹತ್ತು ಸಾಲದೆ ಅವನಿಗೆ ದೊಡ್ಡದು ತಂದ್ವಿ. ಹಳೇದು ಸುಮ್ನೆ ನಿಂತಿದೆ. ಬರ್ರಾಕ್‌ಗೆ ಇರ್ಲಿ, ಕಳಿಸ್ತೀನಿ. ಕಲಿಯೋರಿಗೆ ಅದೇ ಸರಿ."

"ಒಳ್ಳೇದಾಯ್ತಲ್ಲ!" ಎಂದ ಮಿಶಾರಿ. "ನಿನ್ನ ಪುಸ್ತಕದಲ್ಲಿರೋ ಬೈಕೇ ಅದು. ಕಾಲಿನ ಅಳತೆಗೂ ಸರಿ. ಪುಟ ಏಳು."

"ಹಳೇದು! ನನ್ನ ಮಗನಿಗೆ! ಅವಳ ಮಗ ಕೂತು ಸವೆಸಿದ ಸೀಟು!"

"ಸೀಟು ಸವೆದ್ರೆ ಇನ್ನೂ ತಗ್ಗಾಗಿರುತ್ತೆ. ಒಳ್ಳೇದೇ."

"ಗುಂಪಲ್ಲಿ ಎಲ್ಲರಿಗೂ ಕೇಳೋ ಹಾಗೆ ಹೇಳಿದ್ದಾಳೆ, ಮಿಶಾರಿ! ನಿಮ್ಮಮ್ಮನಿಗೂ ಕೇಳೋ ಹಾಗೆ!"

"ಕೊಡೋದನ್ನ ಪಿಸುಗುಟ್ಟಿಕೊಂಡು ಕೊಡ್ತಾರಾ?"

ನಾನು ಪುಟ ಏಳನ್ನು ಹರಿದು ಕಸದ ಬುಟ್ಟಿಗೆ ಹಾಕಿದೆ.

ಶುವೈಖಿನ ಗ್ಯಾರೇಜುಗಳ ಗಲ್ಲಿಯಲ್ಲಿ ಬೈಕಿನ ಅಂಗಡಿ. ಅಂಗಡಿ ನೋಡಿಕೊಳ್ಳುವವರು ಉಸ್ತಾದ್ ಸಬ್ರಿ, ಮೂವತ್ತು ವರ್ಷದ ಹಿಂದೆ ಈಜಿಪ್ಟಿನಿಂದ ಬಂದವರು. ಹೊಟ್ಟೆ ದೊಡ್ಡದು, ದನಿ ಅದಕ್ಕಿಂತ ದೊಡ್ಡದು.

"ಬನ್ನಿ ಮೇಡಂ! ಮೊದಲನೇ ಬೈಕಿಗೆ ಬೇಕಾದ್ದು ಮೂರೇ. ಕಾಲು ನೆಲ ಮುಟ್ಟಬೇಕು. ಬಿದ್ರೆ ನೀವೇ ಎತ್ತೋ ಹಾಗಿರಬೇಕು. ಗಾಡಿಗೆ ಕೋಪ ಕಡಿಮೆ ಇರಬೇಕು."

"ಕೆಂಪು ಬೈಕುಗಳ ಸಬೀಕಾ ಅನ್ನೋರು ಇಲ್ಲೇ ತಗೊಂಡ್ರಾ?"

"ಉಮ್ ನವ್ವಾಫ್! ಬಂಗಾರದಂಥ ಗಿರಾಕಿ. ಎಷ್ಟು ತಿಳಿವಳಿಕೆ!"

ಮತ್ತೆ ಮೆಣಸು ಉರಿಯಿತು. "ಅವರ ಮಗನಿಗೆ ಈಗ ಯಾವುದು ಕೊಟ್ರಿ?"

"ನೂರಾಇಪ್ಪತ್ತೈದು."

"ನನ್ನ ಮಗನಿಗೆ ಅದಕ್ಕಿಂತ ದೊಡ್ಡ ಚಕ್ರದ್ದು ಕೊಡಿ. ಉಮ್ ನವ್ವಾಫ್‌ಗೆ ಯಾವುದು?"

"ಅವರದೂ ನೂರಾಇಪ್ಪತ್ತೈದು."

"ನನಗೆ ಇನ್ನೂರಐವತ್ತು."

ಉಸ್ತಾದ್ ಸಬ್ರಿ ನನ್ನನ್ನು ತಲೆಯಿಂದ ಪಾದದವರೆಗೆ ನೋಡಿದರು. ಆ ಪಯಣ ಬಹಳ ಬೇಗ ಮುಗಿಯಿತು. ನನ್ನ ಎತ್ತರವೇ ಅಷ್ಟು.

"ಮೇಡಂ, ನಿಮ್ಮ ಕಾಲು ಅವರ ಕಾಲಿಗಿಂತ ಉದ್ದ ಇದೆಯಾ?"

"ನನ್ನ ಕಾಲಿನ ಸುದ್ದಿ ನಿಮಗ್ಯಾಕೆ?"

"ಬೈಕಿಗೆ ಬೇಕು ಮೇಡಂ, ನನಗಲ್ಲ!"

ಸಹಾಯಕ್ಕೆಂದು ಗಂಡನ ಕಡೆ ತಿರುಗಿದೆ. ಅವನು ಹೆಲ್ಮೆಟ್ಟುಗಳ ಕಪಾಟಿನ ಹಿಂದೆ ನಿಂತು, ತಲೆಗೆ ಒಂದು ಹೆಲ್ಮೆಟ್ ಹಾಕಿ, ಮುಂದಿನ ಗಾಜನ್ನೂ ಇಳಿಸಿಕೊಂಡಿದ್ದ!

ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ಕಾಲು ಇದ್ದಷ್ಟು ಬೈಕು ಕೊಳ್ಳು ಎಂದು ಹಿರಿಯರು ಯಾರೂ ಹೇಳಿಹೋಗಿಲ್ಲವಲ್ಲ! ದಾನಾಳ ಸರದಿ ಬಂದಾಗ ಮಾತ್ರ ನನ್ನೊಳಗಿನ ತಾಯಿ ಎಚ್ಚೆತ್ತಳು. ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ಚಿಕ್ಕ ಬೈಕು, ಅದರ ವೇಗ ತಗ್ಗಿಸುವ ಸ್ಕ್ರೂ ಇನ್ನಷ್ಟು ಬಿಗಿ, ಇನ್ನಷ್ಟು, ಇನ್ನೊಂದೇ ಸುತ್ತು ಎಂದೆ.

"ಇದಕ್ಕಿಂತ ನಿಧಾನ ಬೇಕಂದ್ರೆ ಇಂಜಿನ್ ಬಿಚ್ಚಿ ಕೊಡ್ತೀನಿ ಮೇಡಂ," ಎಂದರು ಉಸ್ತಾದ್ ಸಬ್ರಿ. ಬೈಕುಗಳನ್ನು ಗಾಡಿಗೆ ಹೇರಿಸುವಾಗ ಮತ್ತೊಂದು ಮಾತು ಸೇರಿಸಿದರು. "ಅಳತೆಗೆ ಸರಿಯಾದ ಚಿಕ್ಕವು ಎರಡು ತೆಗೆದಿಟ್ಟಿರ್ತೀನಿ. ಹದಿನೈದು ದಿನದಲ್ಲಿ ಬರ್ತೀರಲ್ಲ."

ಎಂಥ ದುರಹಂಕಾರ!

ನಾಲ್ಕು ಬೈಕೂ ನೀಲಿ. ಕಣ್ಣು ತಾಗದಿರಲೆಂದು. ಕೆಂಪು ಬೈಕುಗಳ ಒಡತಿ ಈ ನೀಲಿ ಸೈನ್ಯವನ್ನು ನೋಡಿದಾಗ ಅವಳ ಹೊಟ್ಟೆಯೊಳಗೆ ಏನೇನು ಹೊತ್ತಿಕೊಳ್ಳಬಹುದು ಎಂದು ನಾನು ಊಹಿಸಬಲ್ಲವಳಾಗಿದ್ದೆ. ಹೇಗೆ ಊಹಿಸಬಲ್ಲೆ ಎಂದು ಕೇಳಬೇಡಿ. ಅವಳ ದೃಷ್ಟಿಯಿಂದ ನನ್ನ ಮಕ್ಕಳನ್ನು ಕಾಯಬೇಕಿತ್ತು. ಹೊಸತನ ಕಾಣದಿರಲೆಂದು ಬೈಕುಗಳಿಗೆ ಮಣ್ಣು ಮೆತ್ತಿದೆ. ನಾಲ್ಕು ಹ್ಯಾಂಡಲಿಗೂ ನೀಲಿ ಮಣಿಗಳ ಗೊಂಚಲು ಕಟ್ಟಿದೆ. ಆಮೇಲೆ ಕೆಂಡದ ಮೇಲೆ ಧೂಪ ಹಾಕಿ, ಧೂಪದಾನಿಯನ್ನು ಸೀಟಿನ ಸುತ್ತ, ಚಕ್ರದ ಸುತ್ತ, ಟ್ಯಾಂಕಿನ ಸುತ್ತ...

"ಅನೂದ್! ಅದು ಪೆಟ್ರೋಲ್! ಕೈಯಲ್ಲಿರೋದು ಕೆಂಡ!"

ಮಿಶಾರಿ ಅಷ್ಟು ವೇಗವಾಗಿ ಓಡಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಧೂಪದಾನಿ ಕಸಿದುಕೊಂಡು ಹೇಳಿದ: "ಬೇರೆಯವರ ಕಣ್ಣು ತಾಗೋಕೆ ಮೊದಲು ನೀನೇ ಎಲ್ಲಾನೂ ಸುಟ್ಟು ಹಾಕ್ತೀಯಲ್ಲ!"

ಫೆಬ್ರವರಿಯ ಆ ಶುಕ್ರವಾರ ಬಂತು. ಬಿಸಿಲು ಎಳಸು, ಗಾಳಿ ತಂಪು. ಅತ್ತೆ ಡೇರೆಯ ಮುಂದೆ ಚಾಪೆ ಹಾಸಿ, ಕೆಂಡದ ಮೇಲೆ ಚಹಾದ ಕೆಟಲಿಟ್ಟು ಕೂತಿದ್ದರು. ನಮ್ಮ ಪಿಕಪ್ಪಿನಿಂದ ಒಂದೊಂದೇ ನೀಲಿ ಬೈಕು ಇಳಿಯಿತು. ಬರ್ರಾಕನ ಮುಖ ನೋಡಬೇಕಿತ್ತು! ಅವನ ಕಣ್ಣು ಹೊಳೆಯುತ್ತಿದ್ದವು. ಮಿಶಾರಿ ಅವನನ್ನು ಎತ್ತಿ ಸೀಟಿನ ಮೇಲೆ ಕೂರಿಸಿ, ಬೈಕನ್ನು ಬಿಗಿಯಾಗಿ ಹಿಡಿದು ನಿಂತ.

"ಅಮ್ಮಾ, ನನ್ನ ಕಾಲು ನೆಲಕ್ಕೆ ಹೋಗ್ತಿಲ್ಲ," ಎಂದ ಬರ್ರಾಕ್.

"ನೆಲ ಎಲ್ಲೂ ಓಡಿಹೋಗಲ್ಲ. ನೀನು ನಗು. ದೊಡ್ಡಮ್ಮ ನೋಡ್ತಿದ್ದಾಳೆ."

ದಾನಾಳ ಮೈಮೇಲೆ ಎದೆಗವಚ, ಬೆನ್ನುಕವಚ, ಕತ್ತುಪಟ್ಟಿ, ಮೊಣಕಾಲು ಪಟ್ಟಿ, ಅವುಗಳ ಮೇಲೊಂದು ಸ್ವೆಟರು. ಕೈಕಾಲು ಮಡಚಲು ಬಾರದ ಅವಳನ್ನು ಬೈಕಿನ ಮೇಲೆ ನೆಟ್ಟು, ಐವತ್ತು ಹೆಜ್ಜೆ ದೂರದ ದಿಬ್ಬದ ಹತ್ತಿರದಿಂದ ಹೊರಡಿಸಿ ಬಂದೆ. ಬೈಕು ಗುರ್ರೆನ್ನುತ್ತಿತ್ತು. "ಅಮ್ಮಾ, ನಾನು ಹೋಗ್ತಿದೀನಾ, ನಿಂತಿದೀನಾ?" ಎಂದು ಅಲ್ಲಿಂದಲೇ ಕೂಗಿದಳು.

"ಹೋಗ್ತಿದೀಯ ಚಿನ್ನಾ! ಹುಷಾರು!"

ಅಷ್ಟರಲ್ಲಿ ಸಬೀಕಾ ಹತ್ತಿರ ಬಂದಳು. ನೀಲಿ ಬೈಕುಗಳನ್ನು ನೋಡಿದಳು. ಬರ್ರಾಕನನ್ನು ನೋಡಿದಳು. ನೋಡುತ್ತಲೇ ನಿಂತಳು. "ಎಷ್ಟು ದೊಡ್ಡ ಬೈಕು..." ಎಂದಳು.

ನಾನು ಅವಳ ಬಾಯನ್ನೇ ನೋಡುತ್ತ ಕಾದೆ. ಕಣ್ಣು ತಾಗದಿರಲೆಂದು ಮೆಚ್ಚುವವರು ಹೇಳಬೇಕಾದ ಮಾಶಾ ಅಲ್ಲಾ ಎನ್ನುತ್ತಾಳೆ, ಈಗ ಎನ್ನುತ್ತಾಳೆ. ಅನ್ನಲಿಲ್ಲ! ನನ್ನ ಮಗನ ಮೇಲೆ ಹರಿದ ಆ ನೋಟಕ್ಕೆ ದೇವರ ಹೆಸರಿನ ಒಂದು ತಡೆಯೂ ಇಲ್ಲ! ಏನು ಮಾಡಲಿ? ಆ ಕಣ್ಣನ್ನು ಮಗನಿಂದ ತಪ್ಪಿಸಿ ನನ್ನ ಕಡೆ ಎಳೆಯಬೇಕು. ಇನ್ನೂರಐವತ್ತರ ಮೇಲೆ ಹತ್ತಿದೆ. ಹತ್ತಲು ಅತ್ತೆಯ ನೀರಿನ ಡ್ರಮ್ಮನ್ನೇ ಏಣಿ ಮಾಡಿಕೊಂಡೆ. ಹಿಂದಿನ ವಾರವಿಡೀ ನಮ್ಮ ಕಟ್ಟಡದ ನೆಲಮಾಳಿಗೆಯಲ್ಲಿ, ಗೋಡೆಯಿಂದ ಗೋಡೆಗೆ ಹದಿನೈದು ಮಾರು ಓಡಿಸಿ ನಾನು ಪರಿಣತಳಾಗಿದ್ದೆ. ಇಂಜಿನ್ ಶುರುವಾಯಿತು. ಕೊನೆಯ ಗಳಿಗೆಯಲ್ಲಿ ಒಂದು ಮುನ್ನೆಚ್ಚರಿಕೆ ಹೊಳೆಯಿತು. ಹ್ಯಾಂಡಲಿನಲ್ಲಿದ್ದ ಮಣಿ ಸಾಲದೆಂದು, ಕೈಗೆ ಹಾಕಿಕೊಂಡಿದ್ದ ರಬ್ಬರ್ ದಾರದ ನೀಲಿ ಮಣಿಸರವನ್ನೂ ಬಿಚ್ಚಿ ಬಲಗಡೆಯ ಹಿಡಿಗೆ ತೊಡಿಸಿದೆ.

ಬಲಗಡೆಯ ಹಿಡಿ ಎಂದರೆ ಆಕ್ಸಿಲರೇಟರ್.

ಅದನ್ನು ತಿರುಗಿಸಿದೆ, ಕ್ಲಚ್ ಬಿಟ್ಟೆ. ಬೈಕು ಹೊರಟಿತು. ಸಾಕೆಂದು ಹಿಡಿಯನ್ನು ಸಡಿಲಿಸಿದೆ. ಬೈಕಿಗೆ ಸಾಕಾಗಿರಲಿಲ್ಲ! ಮಣಿಗಳು ಹಿಡಿಯ ಬುಡದ ಸಂದಿಗೆ ಸಿಕ್ಕಿಕೊಂಡು, ತಿರುಗಿದ ಹಿಡಿ ತಿರುಗಿದ ಹಾಗೆಯೇ ನಿಂತುಬಿಟ್ಟಿತ್ತು.

"ಬ್ರೇಕು!" ಎಂದು ಮಿಶಾರಿ ಕೂಗಿದ. ಮಗನ ಬೈಕು ಬಿಟ್ಟರೆ ಮಗ ಬೀಳುತ್ತಾನೆ, ಬಿಡದಿದ್ದರೆ ಹೆಂಡತಿ ಹೋಗುತ್ತಾಳೆ! ಅವನು ಮಗನನ್ನೇ ಹಿಡಿದುಕೊಂಡ. ನನಗೆ ಅದರಲ್ಲಿ ದೂರಿಲ್ಲ.

ಆ ಹೊತ್ತಿನಲ್ಲಿ ಹನ್ನೊಂದನೆಯ ಪುಟ ಬರೆದವಳು, ಕೆಳಗೆ ಮೂರು ಗೆರೆ ಎಳೆದವಳು, ಮಕ್ಕಳಿಗೆ ಬಾಯಿಪಾಠ ಮಾಡಿಸಿದವಳು ಏನು ಮಾಡಿದಳು ಗೊತ್ತೆ? ಹಾರ್ನ್ ಹುಡುಕಿದಳು! ಹದಿನಾಲ್ಕು ವರ್ಷ ನಗರದಲ್ಲಿ ಕಾರು ಓಡಿಸಿದ ಕೈ ಬೇರೇನು ಮಾಡೀತು? ಡರ್ಟ್ ಬೈಕಿಗೆ ಹಾರ್ನ್ ಇರುವುದಿಲ್ಲ. ಆ ಕೆಲಸವನ್ನು ನಾನೇ ಬಾಯಿಂದ ಮಾಡಿದೆ.

ಎದುರಿಗೆ ಐದು ಕೆಂಪು ಬೈಕು ಸಾಲಾಗಿ ನಿಂತಿದ್ದವು. ಮೊದಲನೆಯದಕ್ಕೆ ನನ್ನ ಬೂಟು ತಾಗಿತು. ಅದು ಎರಡನೆಯದರ ಮೇಲೆ ಒರಗಿತು, ಎರಡನೆಯದು ಮೂರನೆಯದರ ಮೇಲೆ. ಬಾತುಕೋಳಿ ಸಂಸಾರ ಪೂರ್ತಿ ಮಲಗಿತು. ಬೈಕು ನನ್ನನ್ನು ಹೊತ್ತು ಅತ್ತೆಯ ಡೇರೆಯ ಹಗ್ಗ ಕಿತ್ತು, ಬಾಗಿಲಿಂದ ಒಳಹೊಕ್ಕು, ನಡುಗಂಬಕ್ಕೆ ಸಲಾಮು ಹೊಡೆದು, ಸುತ್ತಿಟ್ಟ ಹಾಸಿಗೆಗಳ ರಾಶಿಯಲ್ಲಿ ಮೂತಿ ಹುದುಗಿಸಿ ಉರುಳಿತು. ಡೇರೆ ನಿಧಾನವಾಗಿ, ದೊಡ್ಡಸ್ತಿಕೆಯಿಂದ, ನನ್ನ ಮೇಲೆ ಇಳಿಯಿತು. ಇಷ್ಟಾದರೂ ಬೈಕಿನ ಆರ್ಭಟ ನಿಲ್ಲಲಿಲ್ಲ. ಹಿಂದಿನ ಚಕ್ರ ದಿಂಬೊಂದನ್ನು ಸೀಳಿ ಹತ್ತಿಯ ಮಳೆ ಸುರಿಸುತ್ತಿತ್ತು.

ಡೇರೆಯ ಬಟ್ಟೆಯಡಿ ಒಂದು ಪುಟ್ಟ ಕೈ ತೂರಿಬಂತು. ತಡಕಿತು. ಕೆಂಪು ಗುಂಡಿ ಒತ್ತಿತು.

"ಪುಟ ಹನ್ನೊಂದು, ಅಮ್ಮಾ," ಎಂದ ಬರ್ರಾಕ್.

ಹೊರಗೆಳೆದು ನೋಡಿದರು. ಕೈಕಾಲು ಎಲ್ಲ ಇದ್ದಲ್ಲೇ ಇತ್ತು. ಬಾಯ ತುಂಬ ಮರಳು, ಮೂಗಿನಲ್ಲಿ ಹತ್ತಿ. ಅತ್ತೆ ಒಂದೊಂದೇ ಬೆರಳು ಮಡಚಿ ನೋಡಿದರು. "ಏನೂ ಆಗಿಲ್ಲ, ಅಲ್ಲಾ ದೊಡ್ಡವನು!" ಎಂದು ನಿಟ್ಟುಸಿರು ಬಿಟ್ಟರು. ಅಷ್ಟು ಮಮತೆ ಕಂಡಿದ್ದೇ ನನ್ನ ಅಳುವಿನ ಕಟ್ಟೆ ಒಡೆಯಿತು.

"ಕಣ್ಣು, ಖಾಲಾ! ಕಣ್ಣು ಬಿತ್ತು! ಇವಳು ನೋಡಿದ್ಲು, ಮಾಶಾ ಅಲ್ಲಾ ಅನ್ನಲಿಲ್ಲ! ನನ್ನ ಕಿವಿಯಾರೆ ನಾನು ಕೇಳಲಿಲ್ಲ!"

ಸಬೀಕಾಳ ಮುಖ ಬಿಳಿಚಿಕೊಂಡಿತು. "ಅನೂದ್, ನಿನ್ನ ಮಗನ ಕಾಲು ಗಾಳೀಲಿ ತೂಗಾಡ್ತಿತ್ತು ಕಣೇ. ಬೀಳ್ತಾನೇನೋ ಅಂತ ನನಗೆ ಬಾಯೇ ಒಣಗಿತ್ತು. ನವ್ವಾಫ್ ಮಣಿಕಟ್ಟು ಮುರ್ಕೊಂಡಿದ್ದೂ ಹೀಗೇ. ಅವನ ಅಪ್ಪ ಹಟ ಮಾಡಿ ದೊಡ್ಡ ಬೈಕ್ ಹತ್ತಿಸಿದ್ರು."

ಆದರೆ ನಾನು ಕೇಳುವ ಸ್ಥಿತಿಯಲ್ಲಿರಲಿಲ್ಲ. ನಮ್ಮಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು, ಯಾರ ಕಣ್ಣು ತಾಗಿದೆಯೋ ಅವರು ಕುಡಿದು ಉಳಿಸಿದ ಎಂಜಲು ಚಹಾವನ್ನೋ ತಿಂದ ಖರ್ಜೂರದ ಬೀಜ ನೆನೆಸಿದ ನೀರನ್ನೋ ತಾಗಿಸಿಕೊಂಡವರ ಮೇಲೆ ಚಿಮುಕಿಸಿದರೆ ದೃಷ್ಟಿ ಇಳಿಯುತ್ತದೆ. ಕುಡಿದವರಿಗೆ ಗೊತ್ತಾಗದ ಹಾಗೆ ಎತ್ತಿಕೊಂಡರೆ ಜಗಳವೂ ಇರುವುದಿಲ್ಲ. ನಾನು ಎಲ್ಲರೆದುರೇ ಕೈಚಾಚಿದೆ.

"ಖಾಲಾ, ನನಗೆ ಇವಳ ಲೋಟದ ಚಹಾ ಬೇಕು! ಈಗಲೇ! ಮಕ್ಕಳಿಗೆ, ಬೈಕಿಗೆ, ಎಲ್ಲಕ್ಕೂ ಚಿಮುಕಿಸ್ತೀನಿ!"

ಭಾವ ಆಕಾಶ ನೋಡಿದ. ಮಿಶಾರಿ ಬೂಟು ನೋಡಿದ. ಅತ್ತೆ ಮಂಡಿ ಹಿಡಿದು ಎದ್ದು, ಐಸ್ ಪೆಟ್ಟಿಗೆಯ ತಳಕ್ಕೆ ಕೈಹಾಕಿ ಒಂದು ಬಾಟಲಿ ತೆಗೆದರು. ನಮ್ಮ ಮನೆಯ ಕೆಮ್ಮಿನ ಔಷಧದ ಬಾಟಲಿ! ಒಳಗೆ ಕಂದು ಬಣ್ಣದ ನೀರು, ತಳದಲ್ಲಿ ಖರ್ಜೂರದ ಬೀಜ.

"ಅಯ್ಯೋ ಖಾಲಾ, ಮೊದಲೇ ತೆಗೆದಿಟ್ಟಿದೀರಾ! ಸಬೀಕಾದ್ದಾ?"

"ಅಲ್ಲ ಮಗಳೇ," ಎಂದರು ಅತ್ತೆ. ದನಿಯಲ್ಲಿ ಜೇನಿತ್ತು. "ನಿಂದು."

"...ನಂದಾ?"

"ನವೆಂಬರಲ್ಲಿ ನವ್ವಾಫನ್ನ ನೋಡಿ, ಎಷ್ಟು ಚೆಂದ ಓಡಿಸ್ತಾನೆ ಅಂದೆ. ದೇವರ ಹೆಸರು ಹೇಳಲಿಲ್ಲ. ಮಣಿಕಟ್ಟು ಹೋಯ್ತು. ಡಿಸೆಂಬರಲ್ಲಿ ಜರ್ರಾಹನ್ನ ನೋಡಿ ಅದೇ ಮಾತಂದೆ. ಬೈಕು ಕೆಟ್ಟಿತು. ಅಪ್ಪನೋ ಬೈಕೋ ಹಟವೋ, ನನಗೇನು ಗೊತ್ತು? ನಾನು ತಾಯಿ. ಅವತ್ತಿಂದ ಪ್ರತಿ ವಾರ ನಿನ್ನ ಚಹಾ ಎತ್ತಿಟ್ಟು, ಅವರ ಐದೂ ಬೈಕಿಗೂ ಚಿಮುಕಿಸ್ತಾ ಬಂದೆ. ಆಮೇಲೆ ಏನೂ ಆಗಲಿಲ್ಲ ನೋಡು."

ಕಂದು ಕಲೆ! ಇರುವೆ! ಪ್ರೀತಿಯಿಂದ ಎತ್ತಿಕೊಂಡು ಹೋದ ಆ ಲೋಟಗಳು! ಭೂಮಿ ಬಾಯಿಬಿಡಬಾರದೆ ಎಂದುಕೊಂಡೆ. ಮರಳಿನ ಭೂಮಿ, ಬಾಯಿಬಿಟ್ಟರೂ ಮತ್ತೆ ತಾನೇ ಮುಚ್ಚಿಕೊಳ್ಳುತ್ತದೆ.

"ಹಾಗಾದ್ರೆ... ಇವತ್ತು ನನಗೆ ತಾಗಿದ್ದು ಯಾರದು?" ಎಂದೆ, ಸಣ್ಣ ದನಿಯಲ್ಲಿ.

"ನಮ್ಮಜ್ಜಿ ಹೇಳೋರು, ಮನುಷ್ಯನಿಗೆ ಒಂದೊಂದ್ಸಲ ತನ್ನ ಕಣ್ಣು ತನಗೇ ತಾಗುತ್ತೆ ಅಂತ." ಅತ್ತೆ ಬಾಟಲಿಯ ಮುಚ್ಚಳ ತೆಗೆದರು. "ತಲೆ ಬಗ್ಗಿಸು."

ಬಗ್ಗಿಸಿದೆ. ವಾರಗಟ್ಟಲೆ ಹಳತಾದ ನನ್ನದೇ ಏಲಕ್ಕಿ ಚಹಾ ನನ್ನದೇ ನೆತ್ತಿಯಿಂದ ಇಳಿಯಿತು. ಸಬೀಕಾ ಹೋಗಿ ಒಂದು ಟವೆಲ್ ತಂದು ನನ್ನ ಹೆಗಲಿಗೆ ಹೊದಿಸಿದಳು. ಅವಳು ನಗಲಿಲ್ಲ. ತುಟಿ ಕಚ್ಚಿಕೊಂಡಿದ್ದಳು, ಅಷ್ಟೆ.

ಅತ್ತೆ ನನ್ನ ಗಲ್ಲದ ಮೇಲಿನ ಮರಳು ಒರೆಸಿದರು. "ಇಷ್ಟು ದಿನ ಚಾಪೆ ಮೇಲೆ ಕೂತು ಹೋಗ್ತಿದ್ದೆ. ಇವತ್ತು ಬಾಯಿತುಂಬ ಮರಳು ತಿಂದೆ. ಹೋಗ್ಲಿ, ಈಗ ಮರಳಿನ ಸೊಸೆ ಆದೆ."

ಬಿರುದು ಬಂತು! ಎಂಥ ಸಮಯಕ್ಕೆ!

ಆಗಲೇ ಹಿಂದಿನಿಂದ ಗುರ್ರೆನ್ನುವ ಸದ್ದು ಕೇಳಿತು. ಐವತ್ತು ಹೆಜ್ಜೆಯ ಯಾತ್ರೆ ಮುಗಿಸಿ ದಾನಾ ಬರುತ್ತಿದ್ದಳು. ಬಿದ್ದ ಡೇರೆ, ಮಲಗಿದ ಬೈಕು, ಒದ್ದೆ ತಲೆಯ ಅಮ್ಮ, ಎಲ್ಲವನ್ನೂ ನೋಡಿ ಕೇಳಿದಳು. "ಯಾರು ಗೆದ್ರು?"

ಉಸ್ತಾದ್ ಸಬ್ರಿ ಹೇಳಿದ್ದು ಹದಿನೈದು ದಿನ. ನಾನು ಮರುದಿನವೇ ಹೋದೆ. ತಗ್ಗು ಸೀಟಿನ ನೂರಾಇಪ್ಪತ್ತೈದನ್ನು ಒರೆಸಿ ಇಟ್ಟಿದ್ದರು. ಕೈಗೆ ಕೀಲಿ ಕೊಟ್ಟರು. ಬರ್ರಾಕನಿಗೆಂದು ತೆಗೆದಿಟ್ಟದ್ದು ಬೇಡವೆಂದೆ. ಅವನ ಬೈಕು ಸಬೀಕಾಳ ಮನೆಯಿಂದ ಬಂತು, ಸವೆದ ಸೀಟು, ಕಂದು ಕಲೆ ಸಮೇತ. ಅವನ ಎರಡೂ ಪಾದ ನೆಲಕ್ಕೆ ಚಪ್ಪಟೆಯಾಗಿ ಊರುತ್ತವೆ. ಮೂರನೆಯ ಶುಕ್ರವಾರ ಒಬ್ಬನೇ ದಿಬ್ಬ ಹತ್ತಿ ಇಳಿದ. ನಾನು ಉಸಿರು ಬಿಗಿಹಿಡಿದಿದ್ದೆ. ಮುತ್ತಜ್ಜನೂ ಅಷ್ಟು ಹೊತ್ತು ಹಿಡಿದಿರಲಿಕ್ಕಿಲ್ಲ.

ನಾನೂ ಬದಲಾಗಿದ್ದೇನೆ. ಮೊನ್ನೆ, ಡೇರೆ ಕೀಳುವ ಹಿಂದಿನ ವಾರ, ಸಬೀಕಾ ಹೊಚ್ಚಹೊಸ ಮರಳುಗಾಡಿಯೊಂದನ್ನು ತಂದಳು. ನಾಲ್ಕು ಚಕ್ರ, ಐದು ಸೀಟು, ಮೇಲೆ ನೆರಳಿಗೆ ಚಾವಣಿ! ನಾನು ಗಟ್ಟಿಯಾಗಿ, ಎಲ್ಲರಿಗೂ ಕೇಳುವ ಹಾಗೆ, ಮೂರು ಸಲ ಮಾಶಾ ಅಲ್ಲಾ ಎಂದೆ. ಚಹಾವನ್ನು ಗಸಿಯ ಸಮೇತ ತಳದವರೆಗೆ ಕುಡಿದು ಲೋಟವನ್ನು ನಾನೇ ತೊಳೆದಿಟ್ಟೆ. ಎದೆಯಲ್ಲಿ ಮೆಣಸು ಸ್ವಲ್ಪ ಉರಿಯುತ್ತಿತ್ತು, ನಿಜ. ಆದರೆ ಅದಕ್ಕೆ ಸಾಕ್ಷಿ ಎಲ್ಲಿದೆ?

ಅತ್ತೆ ನನ್ನ ಮುಂದಿನ ತಟ್ಟೆ ಎತ್ತಿಕೊಂಡರು. ಬೆರಳಿನಿಂದ ಎಣಿಸಿದರು. ಮತ್ತೊಮ್ಮೆ ಎಣಿಸಿದರು.

"ಮಗಳೇ, ಐದು ಖರ್ಜೂರ ತಿಂದೆಯಲ್ಲ. ಬೀಜ ನಾಲ್ಕೇ ಇದೆ?"

ನಾನು ನೀರಿನ ಲೋಟಕ್ಕೆ ಕೈಚಾಚಿದೆ. ಐದನೆಯದು ಇನ್ನೂ ಗಂಟಲಿನಿಂದ ಕೆಳಗಿಳಿಯುತ್ತಿತ್ತು.